ಬಿಚ್ಚದ ಚಪ್ಪರ

ನಮ್ಮ ಊರಿನ ಬಾಗಿಲುಗಳಿಗೆ ಆರೋಪ ಹೊತ್ತವರನ್ನು ಕಂಡರಾಗದು. ಯಾರ ಮೇಲಾದರೂ ದೂರು ಬಿದ್ದು, ಅದನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದರೋ, ಮುಗಿಯಿತು. ಆಮೇಲೆ ಅವರು ಹತ್ತಿರ ಬಂದರೆ ಸಾಕು, ತೆರೆದ ಬಾಗಿಲು ದಢಾರನೆ ಮುಚ್ಚಿಕೊಳ್ಳುತ್ತದೆ. ಮುಚ್ಚಿದ್ದಂತೂ ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಬೇರೆ ಯಾರಾದರೂ ಕೈ ಹಿಡಿದುಕೊಂಡು ಜೊತೆಗೆ ಹೊಸ್ತಿಲು ದಾಟಿದರೆ ಮಾತ್ರ ದಾರಿ ಬಿಡುತ್ತದೆ. ಅವರು ತಪ್ಪು ಮಾಡಿದ್ದಾರೋ ಇಲ್ಲವೋ ಅನ್ನುವುದು ಬಾಗಿಲಿಗೆ ಬೇಕಾಗಿಲ್ಲ.

ಊರಿನವರು ಇದಕ್ಕೆ ಒಗ್ಗಿಹೋಗಿದ್ದಾರೆ. ನಮ್ಮ ಪಕ್ಕದ ಮನೆಯವನು ಬೇಲಿ ಸರಿಸಿದ ಎಂದು ಅವನ ಅಣ್ಣನೇ ದೂರು ಕೊಟ್ಟಾಗ, ಪಾಪ, ಅವನ ಹೆಂಡತಿ ದಾಕ್ಷಾಯಣಿ ಅವನನ್ನು ಬಚ್ಚಲಿಗೂ ಕೈ ಹಿಡಿದು ಬಿಟ್ಟುಬರುತ್ತಿದ್ದಳು. ಅವನು ಒಳಗಿಂದ "ಏ, ಬಾರೇ, ಆಯ್ತು" ಎಂದು ಕೂಗಿದರೆ ಹುಣಸೆಹಣ್ಣು ಬಿಡಿಸುತ್ತಿದ್ದ ಕೈಯಲ್ಲೇ ಎದ್ದು ಹೋಗಬೇಕು. ಪೇಟೆ ಬೀದಿಯ ಕ್ಷೌರದಂಗಡಿಯವನು ಬಾಗಿಲನ್ನೇ ಕಿತ್ತುಹಾಕಿ ಗೋಣಿತಾಟಿನ ಪರದೆ ಬಿಟ್ಟ. ಅಲ್ಲಿಂದ ಅವನ ಅಂಗಡಿಗೆ ಜನವೋ ಜನ. ಇನ್ನು ಮದುವೆ ಮನೆಗಳಲ್ಲಿ ಅಜ್ಜಿ ಮುತ್ತಜ್ಜಿಯರ ಕಾಲದಿಂದ ಒಂದು ಪದ್ಧತಿ ಇದೆ. ಚಪ್ಪರ ಏರಿತೆಂದರೆ ಬಾಗಿಲು ಇಳಿಯಬೇಕು. ನೆಂಟರಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಏನಾದರೊಂದು ದೂರು ಇದ್ದೇ ಇರುತ್ತದೆ, ಅವರನ್ನು ಬೀದಿಯಲ್ಲಿ ನಿಲ್ಲಿಸಿ ತಾಳಿ ಕಟ್ಟಿಸುವುದು ಹೇಗೆ? ಮದುವೆ ಮುಗಿದ ಮೇಲೆ ಒಳ್ಳೆಯ ದಿನ ನೋಡಿ ಮದುಮಗಳು ತನ್ನ ಕೈಯಾರೆ ಚಪ್ಪರದ ಮೊದಲ ಗಂಟು ಬಿಚ್ಚುತ್ತಾಳೆ. ಅದಾದ ಮೇಲೆಯೇ ಬಾಗಿಲು ಮತ್ತೆ ಕೂರಿಸುವುದು. ಇದನ್ನು ಮೀರಿದವರನ್ನು ನಾನು ನೋಡಿಲ್ಲ.

ನಾನು ನೀಲಾಂಬಿಕೆ, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಮ್ಮ. ಮಕ್ಕಳು ನನ್ನ ಬೆನ್ನ ಹಿಂದೆ ಕರೆಯುವುದು ಬಾಗಿಲಮ್ಮ ಎಂದು. ಬೆನ್ನ ಹಿಂದೆ ಏಕೆ, ಎದುರಿಗೇ ಕರೆದರೂ ನನಗೇನೂ ಬೇಸರವಿಲ್ಲ. ಶಿಸ್ತು ಸಮಿತಿ ಯಾವ ಹುಡುಗನ ಮೇಲೆ, ಯಾವ ಹುಡುಗಿಯ ಮೇಲೆ ನೋಟೀಸು ಅಂಟಿಸಿದರೂ ಮಾರನೆಯ ಬೆಳಿಗ್ಗೆ ಅವರು ನನ್ನ ಕೋಣೆಯ ಮುಂದೆ ತಲೆ ತಗ್ಗಿಸಿ ನಿಂತಿರುತ್ತಾರೆ. ಲೈಬ್ರರಿಗೆ, ಲ್ಯಾಬಿಗೆ, ಊಟದ ಮನೆಗೆ ಅವರ ಕೈ ಹಿಡಿದು ದಾಟಿಸುವುದು ನನ್ನ ಕೆಲಸ. ಯಾರೂ ಹೇಳಿದ ಕೆಲಸವಲ್ಲ ಇದು, ನಾನಾಗಿ ಮೈಮೇಲೆ ಎಳೆದುಕೊಂಡದ್ದು. ಆದರೆ ಒಂದೇ ಒಂದು ಬಾಗಿಲಿನ ಮುಂದೆ ನನ್ನ ಆಟ ನಡೆಯುತ್ತಿರಲಿಲ್ಲ. ಅದು ವಿಚಾರಣೆ ನಡೆಯುವ ಸಭಾಂಗಣದ ಬಾಗಿಲು.

ಶಿಸ್ತಿನ ನಿಯಮ ಹೀಗಿತ್ತು: ಆರೋಪ ಬಂದ ವಿದ್ಯಾರ್ಥಿ ಒಬ್ಬರೇ, ಯಾರ ನೆರವೂ ಇಲ್ಲದೆ, ಸಭಾಂಗಣದೊಳಗೆ ಬಂದು ಸಮಿತಿಯ ಎದುರು ನಿಲ್ಲಬೇಕು. ಬಾರದಿದ್ದರೆ ತಪ್ಪು ಒಪ್ಪಿಕೊಂಡಂತೆ. ಹೇಗಿದೆ ನೋಡಿ! ಒಬ್ಬರೇ ಬಂದರೆ ಬಾಗಿಲು ಬಿಡದು, ಕೈ ಹಿಡಿದು ಕರೆತಂದರೆ ಸಮಿತಿ ಬಿಡದು. ಒಳಗೆ ಸಮಿತಿಯವರು ಕಾಫಿ ಕುಡಿಯುವುದು, ಹೊರಗೆ ಹುಡುಗ ತೇಗದ ಹಲಗೆ ಬಡಿದು ಬಡಿದು ಕೈ ಊದಿಸಿಕೊಳ್ಳುವುದು, ಗಂಟೆ ಬಾರಿಸಿದ ಕೂಡಲೇ "ಗೈರುಹಾಜರಿ, ತಪ್ಪೊಪ್ಪಿಗೆ" ಎಂದು ಹೆಸರು ಹೊಡೆದುಹಾಕುವುದು. ನಾನು ಈ ಕೆಲಸಕ್ಕೆ ಸೇರಿದಾಗಿನಿಂದ ಒಂದು ನರಪಿಳ್ಳೆಯೂ ಆ ಸಭಾಂಗಣದೊಳಗೆ ನಿಂತು ತನ್ನ ಮಾತು ಹೇಳಿದ್ದಿಲ್ಲ. ಕುಲಸಚಿವ ಮೃತ್ಯುಂಜಯಪ್ಪನವರನ್ನು ಕೇಳಿದರೆ, "ನಾವೇನು ಮಾಡೋಣ ಮೇಡಮ್, ಬಾಗಿಲು ನಮ್ಮ ಮಾತು ಕೇಳುತ್ತಾ?" ಎನ್ನುತ್ತಿದ್ದರು. ಕ್ಷೌರದಂಗಡಿಯವನ ಹಾಗೆ ಕಿತ್ತುಹಾಕಿಸಿ ಎಂದರೆ, ಬಾಗಿಲು ಕೀಳುವ ನಿಯಮ ಇಲ್ಲ ಎನ್ನುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ ಅವರು. ನಿಯಮದಲ್ಲಿ ಬರೆದಿದ್ದರೆ ಬೆಂಕಿಯನ್ನೂ ಹಾಯುವ ಜಾತಿ, ಬರೆದಿಲ್ಲದಿದ್ದರೆ ಬಾಯಾರಿದವರಿಗೆ ನೀರನ್ನೂ ಕೊಡದ ಜಾತಿ.

ಆ ವರ್ಷ ನೋಟೀಸು ಬಿದ್ದದ್ದು ದೇವೀರಿಯ ಮೇಲೆ. ನನ್ನದೇ ತರಗತಿಯ ಹುಡುಗಿ. ನೋಡಲು ಇಷ್ಟೇ ಇಷ್ಟು ಎತ್ತರ, ಬೆಂಚಿನ ಮೇಲೆ ಕೂತರೆ ಕಾಲು ನೆಲಕ್ಕೆ ತಾಗದು, ಮಾತು ಮಾತ್ರ ಮೆಣಸಿನಕಾಯಿ. ಅವಳ ತಾಯಿ ಸಾಕಮ್ಮ ಬಸ್ ಸ್ಟ್ಯಾಂಡಿನಲ್ಲಿ ಹೂ ಕಟ್ಟಿ ಮಾರುವವಳು. ಅವರ ಬೀದಿಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದವಳು ಇವಳೊಬ್ಬಳೇ. ಇನ್ನೇನು ಕೊನೆಯ ಪರೀಕ್ಷೆ ಬರೆದರೆ ಡಿಗ್ರಿ ಕೈಗೆ ಬರುವ ಹೊತ್ತಿಗೆ ಈ ಶನಿ ವಕ್ಕರಿಸಿತು.

ಆದದ್ದಿಷ್ಟು. ಸಭಾಂಗಣದಲ್ಲಿ ಕುಲಸಚಿವರು ಕೂರುವ ಕುರ್ಚಿಯ ಹಿಂದಿನ ಗೋಡೆಯ ಮೇಲೆ, ಬಹಳ ಎತ್ತರದಲ್ಲಿ, ಯಾರೋ ಮಸಿಯಿಂದ ದಪ್ಪಕ್ಷರದಲ್ಲಿ ಬರೆದಿದ್ದರು: "ಹಾಸ್ಟೆಲ್ ಸಾರಿನಲ್ಲಿ ಬೇಳೆ ಹುಡುಕಿಕೊಟ್ಟವರಿಗೆ ಬಹುಮಾನ." ನನಗೆ ನಗು ತಡೆಯಲಾಗಲಿಲ್ಲ, ನಿಜ ಹೇಳಬೇಕಲ್ಲ. ಮೃತ್ಯುಂಜಯಪ್ಪನವರಿಗೆ ಮಾತ್ರ ಮೈಯೆಲ್ಲ ಉರಿಯಿತು. ಅದೇ ಬೆಳಿಗ್ಗೆ ದೇವೀರಿಯ ಎರಡೂ ಕೈ ಕರ್ರಗಾಗಿದ್ದುದನ್ನು ಹಾಸ್ಟೆಲಿನ ವಾರ್ಡನ್ ಕಂಡಿದ್ದರು. ಅಷ್ಟೇ ಸಾಕಾಯಿತು. ವಿಶ್ವವಿದ್ಯಾಲಯದ ಗೌರವಕ್ಕೆ ಧಕ್ಕೆ, ಹೆಸರು ತೆಗೆದುಹಾಕಬಾರದೇಕೆ ಎಂದು ನೋಟೀಸು ಅಂಟಿತು.

ಅವಳನ್ನು ಕೂರಿಸಿಕೊಂಡು ಕೇಳಿದೆ. "ನಿಜ ಹೇಳೇ, ನೀನೇನೇ ಬರೆದದ್ದು?"

"ಅಯ್ಯೋ, ನಾನ್ಯಾಕ್ ಬರೀಲಿ ಮೇಡಮ್? ರೂಮ್‌ಮೇಟ್‌ಗೆ ಜ್ವರ ಬಂದು ಮೈಯೆಲ್ಲ ನೋವು ಅಂತಿದ್ಲು. ಬಿಸಿನೀರಿನ ಹಂಡೆ ಇಳಿಸಿಕೊಟ್ಟೆ. ಹಂಡೆ ಮಸಿ ಕೈಗೆ ಹತ್ತದೆ ಇರುತ್ತಾ? ಇನ್ನೊಂದು ವಿಷ್ಯ, ಅಷ್ಟು ಎತ್ತರದಲ್ಲಿ ನಾನ್ ಹೇಗ್ ಬರೀಲಿ? ಆ ಹಾಲ್‌ನಲ್ಲಿರೋ ಕುರ್ಚಿ, ಮೇಜು ಎಲ್ಲಾ ನೆಲಕ್ಕೆ ಜಡಿದಿದ್ದಾರೆ. ಎಳ್ಕೊಂಡು ಹತ್ತೋ ಹಾಗೂ ಇಲ್ಲ. ಒಂದೇ ಸಲ ಒಳಗೆ ಹೋಗಿ ಗೋಡೆ ಪಕ್ಕ ನಿಂತ್ಕೊಂಡ್ರೆ ಸಾಕು ಮೇಡಮ್, ಕಣ್ಣಿದ್ದೋರಿಗೆಲ್ಲ ಕಾಣುತ್ತೆ."

ಒಳಗೆ ಹೋದರೆ ತಾನೆ! ನಾನು ಇದನ್ನೆಲ್ಲ ಕುಲಸಚಿವರಿಗೆ ಬಾಯಿ ಬಿಟ್ಟು ಹೇಳಿದೆ. "ಆರೋಪಿಯೇ ಬಂದು ಹೇಳಲಿ ಮೇಡಮ್, ನೀವು ಹೇಳಿದರೆ ನಡೆಯಲ್ಲ" ಎಂದರು. ಹಾಗಾದರೆ ದಿನವನ್ನಾದರೂ ಮುಂದಕ್ಕೆ ಹಾಕಿ, ಏನಾದರೂ ದಾರಿ ಹುಡುಕುತ್ತೇವೆ ಎಂದೆ. "ಗೊತ್ತಾದ ದಿನವನ್ನ ಮುಂದಕ್ಕೆ ಹಾಕೋ ನಿಯಮ ಇಲ್ಲ. ಸೋಮವಾರ ಹತ್ತು ಗಂಟೆ ಅಂದರೆ ಸೋಮವಾರ ಹತ್ತು ಗಂಟೆ" ಎಂದು ಕಡತ ಮುಚ್ಚಿದರು.

ನಾನು ಸಿಟ್ಟಿನಿಂದ ಹೊರಗೆ ಬಂದು ಸಭಾಂಗಣದ ಮೆಟ್ಟಿಲ ಮೇಲೆ ಕುಕ್ಕರಿಸಿದೆ. ಆ ಕಟ್ಟಡವನ್ನು ಹಿಂದೆ ಯಾರೋ ಹಿರಿಯ ಮುತ್ತೈದೆ ದಾನ ಕೊಟ್ಟದ್ದು. ಮೆಟ್ಟಿಲ ಪಕ್ಕದಲ್ಲಿ ಆಕೆ ನಿಲ್ಲಿಸಿದ ಕಲ್ಲು ಇದೆ. ದಿನಾ ಅದರ ಮೇಲೆ ಛತ್ರಿ ಒಣಗಿಸುತ್ತೇವೆಯೇ ಹೊರತು ಓದುವುದು ಯಾರು? ಅಂದು ಮಾಡಲು ಬೇರೆ ಕೆಲಸವಿಲ್ಲದೆ ಓದಿದೆ. "ಇಲ್ಲಿ ದುಡಿಯುವವರು ಯಾರೇ ಆಗಲಿ, ಬೇಕಾದ ದಿನ ಈ ಸಭಾಂಗಣದಲ್ಲಿ ಮದುವೆಯಾಗಬಹುದು. ಯಾರೂ ಅಡ್ಡಿ ಮಾಡತಕ್ಕದ್ದಲ್ಲ." ಮತ್ತೊಮ್ಮೆ ಓದಿದೆ. ಮದುವೆ ಎಂದರೆ ಚಪ್ಪರ. ಚಪ್ಪರ ಏರಿದರೆ ಬಾಗಿಲು ಇಳಿಯಬೇಕು. ಬಾಗಿಲೇ ಇಲ್ಲದ ಮೇಲೆ ಮುಚ್ಚಿಕೊಳ್ಳುವುದು ಏನು, ಮಣ್ಣು?

ಈಗ ಬೇಕಾದದ್ದು ಒಂದು ಮದುವೆ. ಸೋಮವಾರದೊಳಗೆ ಮದುವೆಯಾಗಬಲ್ಲವರು ನಮ್ಮ ವಿಶ್ವವಿದ್ಯಾಲಯದಲ್ಲಿ ಯಾರಿದ್ದಾರೆ ಎಂದು ಯೋಚಿಸಿದೆ. ಎಲ್ಲರದೂ ಆಗಿ ಮಕ್ಕಳು ಮರಿಗಳಾಗಿದ್ದವು. ಉಳಿದವರು ಇಬ್ಬರೇ. ಒಬ್ಬರು ಭೂಗೋಳದ ಗುರುಪಾದಯ್ಯ ಮೇಷ್ಟ್ರು. ಇನ್ನೊಬ್ಬಳು ನಾನು.

ಗುರುಪಾದಯ್ಯನವರ ವಿಷಯ ಒಂದು ಮಾತು ಹೇಳಬೇಕು. ನಮ್ಮ ಊರು ಯಾವ ನಕ್ಷೆಯಲ್ಲೂ ಇಲ್ಲ ಎನ್ನುವುದು ಅವರ ದೊಡ್ಡ ಕೊರಗು. ಅದನ್ನು ಬಿಟ್ಟರೆ ಸದಾ ನಗುಮುಖ. ಎಷ್ಟೋ ವರ್ಷಗಳಿಂದ ಅವರು ಆಗಾಗ ಒಂದು ಎಲೆ ಕಿತ್ತುಕೊಂಡು ನನ್ನ ಕೋಣೆಗೆ ಬಂದು "ಮೇಡಮ್, ಇದು ಯಾವ ಗಿಡದ್ದು?" ಎಂದು ಕೇಳುತ್ತಿದ್ದರು. ಒಂದು ದಿನ ಕರಿಬೇವಿನ ಎಲೆಯನ್ನೇ ಹಿಡಿದು ಬಂದಾಗ ನನಗೆ ವಿಷಯ ಅರ್ಥವಾಗಿತ್ತು. ಅರ್ಥವಾಗದ ಹಾಗೆ ಇದ್ದೆ. ಐವತ್ತು ದಾಟಿದ ಮೇಲೆ ಇದೆಲ್ಲ ಯಾಕೆ ಎಂದು.

ಅವತ್ತು ನಾನೇ ಅವರ ಕೋಣೆಗೆ ಹೋದೆ. ಕೈಯಲ್ಲಿ ಎಲೆ ಗಿಲೆ ಏನೂ ಇರಲಿಲ್ಲ.

"ಮೇಷ್ಟ್ರೇ, ಸೋಮವಾರ ಏನ್ ಕೆಲಸ ಇದೆ ನಿಮಗೆ?"

"ಬೆಳಿಗ್ಗೆ ಒಂದು ತರಗತಿ ಇದೆ. ಯಾಕೆ ಮೇಡಮ್?"

"ರಜಾ ಹಾಕಿ. ಮದುವೆ ಇದೆ."

"ಯಾರದು?"

"ನಮ್ಮಿಬ್ಬರದು."

ಅವರ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು. ನಾನು ದೇವೀರಿಯ ಕಥೆ, ಕಲ್ಲಿನ ಕಥೆ, ಚಪ್ಪರದ ಕಥೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಕೇಳಿಸಿಕೊಂಡು, ಬಗ್ಗಿ ಸೀಮೆಸುಣ್ಣ ಎತ್ತಿಟ್ಟರು. ಆಮೇಲೆ ಮೆಲ್ಲಗೆ, "ಒಂದೇ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಮದುವೆ ಬರೀ ಬಾಗಿಲಿಗೋಸ್ಕರವೋ, ಇಲ್ಲಾ..." ಎಂದರು.

ನಾನು ಆ ಮುಖ ನೋಡಿದೆ. ಇಷ್ಟು ವರ್ಷ ನಾನು ಎಂಥ ಪೆದ್ದಿ ಅನಿಸಿತು. "ಎರಡಕ್ಕೂ" ಎಂದೆ. "ಬಾಗಿಲು ನೆಪ ಅಂತಲೇ ಇಟ್ಕೊಳ್ಳಿ. ನೀವು ಕರಿಬೇವು ತಂದ ಹಾಗೆ."

ಭಾನುವಾರ ಸಂಜೆಗೆ ಸುದ್ದಿ ಊರೆಲ್ಲ ಹಬ್ಬಿತು. ಸಾಕಮ್ಮ ಓಡಿಬಂದು ನನ್ನ ಎರಡೂ ಕೈ ಹಿಡಿದು ಗೊಳೋ ಎಂದು ಅತ್ತಳು. "ನನ್ನ ಮಗಳಿಗೋಸ್ಕರ ತಾಳಿ ಕಟ್ಟಿಸ್ಕೊತೀರಾ ನನ್ನವ್ವ, ಯಾವ ಜನ್ಮದ ಋಣ ಇದು" ಎಂದಳು. "ಅಳ್ತಾ ಕೂತ್ರೆ ಹಾರ ಕಟ್ಟೋರು ಯಾರು ಸಾಕಮ್ಮ, ಹೋಗು" ಎಂದು ಗದರಿಸಿ ಕಳಿಸಿದೆ. ಇಲ್ಲದಿದ್ದರೆ ನಾನೂ ಅಳುತ್ತಿದ್ದೆ.

ಸೋಮವಾರ ಬೆಳಕು ಹರಿಯುವುದರೊಳಗೆ ಮಕ್ಕಳು ತೆಂಗಿನ ಗರಿ, ಮಾವಿನ ಸೊಪ್ಪು ಹೊತ್ತು ತಂದು ಸಭಾಂಗಣದ ಮುಂದೆ ಚಪ್ಪರ ಹಾಕಿದರು. ಚಪ್ಪರಕ್ಕೆ ಅರಿಶಿನ ಕುಂಕುಮ ಇಟ್ಟದ್ದೇ ತಡ, ಬಾಸ್ಕೆಟ್‌ಬಾಲ್ ಆಡುವ ಉದ್ದುದ್ದ ಹುಡುಗರು ಹೆಗಲು ಕೊಟ್ಟು ಆ ತೇಗದ ಬಾಗಿಲನ್ನು ಕೀಲಿನಿಂದ ಎತ್ತಿ, ಹೋ ಎಂದು ಕೂಗುತ್ತ ಹೊತ್ತುಕೊಂಡು ಹೋಗಿ ಹುಣಸೆಮರದ ಕೆಳಗೆ ಮಲಗಿಸಿದರು. ಎಷ್ಟು ಮಕ್ಕಳ ಗುದ್ದು ತಿಂದ ಬಾಗಿಲು ಅದು! ದಾಕ್ಷಾಯಣಿ ಹೋಗಿ ಅದರ ಮೇಲೆ ಬಾಳೆ ಎಲೆ ಹರವಿ ತರಕಾರಿ ಹೆಚ್ಚಲು ಕೂತಳು.

ಹತ್ತು ಗಂಟೆಗೆ ಸ್ವಲ್ಪ ಮುಂಚೆ ಮೃತ್ಯುಂಜಯಪ್ಪನವರು ಸಮಿತಿಯ ಇನ್ನಿಬ್ಬರ ಜೊತೆ ಬಂದರು. ವಾಲಗ ಮೊಳಗುತ್ತಿತ್ತು. ನಾನು ಅಮ್ಮನ ಹಳೆಯ ಹಸಿರು ರೇಷ್ಮೆ ಸೀರೆ ಉಟ್ಟು ಹಸೆಮಣೆಯ ಪಕ್ಕದಲ್ಲಿ ನಿಂತಿದ್ದೆ.

"ಏನ್ರೀ ಮೇಡಮ್ ಇದೆಲ್ಲ?"

"ಮದುವೆ ಸಾರ್."

"ಯಾರದು?"

"ನಂದು."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಈ ವಯಸ್ಸಲ್ಲಿ?"

"ಹೊರಗಡೆ ಕಲ್ಲಲ್ಲಿ ವಯಸ್ಸು ಬರೆದಿಲ್ಲ ಸಾರ್. ಬೇಕಾದ್ರೆ ಓದ್ಕೊಂಡು ಬನ್ನಿ."

ನಿಜವಾಗಿಯೂ ಹೋಗಿ ಓದಿಕೊಂಡು ಬಂದರು, ಪುಣ್ಯಾತ್ಮ. ಬಂದು, "ಸರಿ, ಆಗಲಿ. ವಿಚಾರಣೆ ನಾಳೆಗೆ ಇಟ್ಕೊಳ್ತೀವಿ" ಎಂದರು.

"ಗೊತ್ತಾದ ದಿನ ಮುಂದಕ್ಕೆ ಹಾಕೋ ನಿಯಮ ಇಲ್ಲ ಅಂತ ನೀವೇ ಹೇಳಿದ್ರಿ ಸಾರ್. ಹಾಲ್ ದೊಡ್ಡದಿದೆ. ನೀವು ಆ ಕಡೆ ವಿಚಾರಣೆ ಮಾಡಿ, ನಾವು ಈ ಕಡೆ ಮದುವೆ ಮಾಡ್ಕೋತೀವಿ. ನಮಗೇನೂ ತೊಂದ್ರೆ ಇಲ್ಲ."

ಅವರು ತಿರುಗಿ ಬಾಗಿಲಿಲ್ಲದ ಚೌಕಟ್ಟಿನ ಕಡೆ ನೋಡಿದರು. ತಮ್ಮ ಮಗಳ ಮದುವೆಯಲ್ಲಿ ಬೀದಿಯವರ ಬಾಗಿಲುಗಳನ್ನೂ ಬಿಡದೆ ಕಳಚಿಸಿದ್ದವರು ಅವರೇ. ಏನೆಂದು ಬಾಯಿ ಬಿಡುವುದು? ನೆಟ್ಟಗೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತು ಗಂಟೆ ಬಾರಿಸಿದರು. "ಆರೋಪಿ ಒಳಗೆ ಬರಲಿ. ಒಬ್ಬಳೇ."

ವಾಲಗ ತನ್ನಷ್ಟಕ್ಕೆ ತಾನೇ ನಿಂತಿತು. ದೇವೀರಿ ಚಪ್ಪರದ ಕೆಳಗೆ ಬಂದು ಹೊಸ್ತಿಲಿನಾಚೆ ನಿಂತಳು. ನಿಂತವಳು ನಿಂತೇ ಇದ್ದಳು. ನೋಟೀಸು ಬಿದ್ದಾಗಿನಿಂದ ಮುಖದ ಮೇಲೆ ಬಾಗಿಲು ಬಡಿಸಿಕೊಂಡು ಬಡಿಸಿಕೊಂಡು ಅವಳಿಗೆ ಅಭ್ಯಾಸವಾಗಿಹೋಗಿತ್ತು. ನನ್ನ ಕೈ ತಾನಾಗಿಯೇ ಅವಳ ಕಡೆ ಚಾಚಿತು. ಗುರುಪಾದಯ್ಯ ಮೆಲ್ಲನೆ ಅದನ್ನು ಹಿಡಿದು ಕೆಳಗಿಳಿಸಿ, "ಬೇಡ, ಅವಳೇ ಬರ್ಲಿ" ಎಂದರು. ಅವಳು ಒಂದು ಕೈ ಮುಂದೆ ಮಾಡಿ ಬಾಗಿಲು ಇರಬೇಕಾಗಿದ್ದ ಜಾಗದಲ್ಲಿ ಗಾಳಿಯನ್ನು ಮುಟ್ಟಿ ನೋಡಿದಳು. ಏನೂ ಆಗಲಿಲ್ಲ. ಬಲಗಾಲಿಟ್ಟು ಒಳಗೆ ಬಂದಳು.

ಅಬ್ಬಾ, ಆ ಕೂಗು! ಮಕ್ಕಳು, ಅಡಿಗೆಯವರು, ವಾಲಗದವರು, ಹೊರಗೆ ನಿಂತಿದ್ದ ಆಟೋದವರು, ಎಲ್ಲರೂ ಒಟ್ಟಿಗೆ ಕೂಗಿದರು. ಸಾಕಮ್ಮ ಬುಟ್ಟಿಯಲ್ಲಿದ್ದ ಸೇವಂತಿಗೆಯನ್ನೆಲ್ಲ ಬಾಚಿ ಮಗಳ ಮೇಲೆ ಎರಚಿದಳು. ಅದು ನಮ್ಮ ಧಾರೆಗೆಂದು ಇಟ್ಟ ಹೂವು. ಇರಲಿ.

"ನಿಶ್ಶಬ್ದ!" ಎಂದು ಕುಲಸಚಿವರು ಮೇಜು ಗುದ್ದಿದರು. "ಈ ಗೋಡೆ ಮೇಲೆ ಬರೆದದ್ದು ನೀನಾ?"

"ಅಲ್ಲ ಸಾರ್."

"ಕೈ ಕಪ್ಪಾಗಿತ್ತಲ್ಲ?"

"ಹಂಡೆ ಮಸಿ ಸಾರ್. ಜ್ವರ ಬಂದೋಳಿಗೆ ಬಿಸಿನೀರು ಇಳಿಸಿಕೊಟ್ಟೆ. ಅವಳು ಇಲ್ಲೇ ಕೂತಿದ್ದಾಳೆ, ಕೇಳಿ. ಒಂದು ನಿಮಿಷ ಆ ಗೋಡೆ ಹತ್ರ ನಿಂತ್ಕೊಳ್ಲಾ ಸಾರ್?"

ಅವರು ಹೂಂ ಎನ್ನುವುದರೊಳಗೆ ಅವಳು ಅವರ ಕುರ್ಚಿಯ ಹಿಂದೆ ಹೋಗಿ ಗೋಡೆಗೆ ಬೆನ್ನು ಹಚ್ಚಿ ನಿಂತು ಕೈ ಎತ್ತಿದಳು. ಅವಳ ಬೆರಳಿಗೂ ಅಕ್ಷರಕ್ಕೂ ನಡುವೆ ಇನ್ನೊಬ್ಬ ದೇವೀರಿ ನಿಲ್ಲುವಷ್ಟು ಜಾಗವಿತ್ತು. ಜಿಗಿದಳು. ಮತ್ತೆ ಜಿಗಿದಳು. ಜಿಗಿದಾಗಲೆಲ್ಲ ಜಡೆ ಮೇಲೆ ಹಾರಿತೇ ವಿನಾ ಬೆರಳು ಅರ್ಧಕ್ಕೂ ಹೋಗಲಿಲ್ಲ. ಸಮಿತಿಯಲ್ಲಿದ್ದ ವಯಸ್ಸಾದ ರಸಾಯನಶಾಸ್ತ್ರದ ಮೇಷ್ಟ್ರು ಮೊದಲು ಕಿಸಕ್ಕೆಂದರು. ಆಮೇಲೆ ಇಡೀ ಸಭಾಂಗಣವೇ ನಕ್ಕಿತು. ಮೃತ್ಯುಂಜಯಪ್ಪನವರು ಎದ್ದು ತಮ್ಮ ಕುರ್ಚಿಯನ್ನು ಹಿಡಿದು ಅಲ್ಲಾಡಿಸಿ ನೋಡಿದರು. ಅದು ಜಗ್ಗಲಿಲ್ಲ. ತಾವೇ ಕೈ ಎತ್ತಿ ನೋಡಿದರು. ಅವರಿಗೂ ಎಟುಕಲಿಲ್ಲ.

"ಹಾಗಾದ್ರೆ ಇದನ್ನ ಬರೆದವರು ಯಾರು?"

ಬಾಗಿಲು ಹೊತ್ತ ಬಾಸ್ಕೆಟ್‌ಬಾಲ್ ಹುಡುಗರಿಗೆ ಇದ್ದಕ್ಕಿದ್ದಂತೆ ನೆಲದ ಕಲ್ಲುಗಳನ್ನು ನೋಡುವ ಆಸಕ್ತಿ ಬಂತು. ದೇವೀರಿ ಒಮ್ಮೆ ಆ ಕಡೆ ನೋಡಿ ಮುಖ ತಿರುಗಿಸಿದಳು. "ನಂಗೆ ಗೊತ್ತಿಲ್ಲ ಸಾರ್. ಗೊತ್ತಿದ್ರೂ ಹೇಳಲ್ಲ. ಇನ್ನೊಬ್ರ ಮುಖದ ಮೇಲೆ ಬಾಗಿಲು ಬಡಿಯೋದು ನಂಗೆ ಬೇಡ. ಆದ್ರೆ ಸಾರ್, ಸಾರಲ್ಲಿ ಬೇಳೆ ಇಲ್ಲದ್ದಂತೂ ನಿಜ."

ಕುಲಸಚಿವರು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು. ಎಷ್ಟೋ ಹೆಸರುಗಳಿಗೆ ಗೆರೆ ಎಳೆದ ಕೈ ಅದು. ಆದರೆ ಎದುರಿಗೆ ನಿಂತು ಮಾತಾಡಿದವರನ್ನು ಆ ಮನುಷ್ಯ ಅವತ್ತೇ ಮೊದಲು ಕಂಡದ್ದು. ಕನ್ನಡಕ ತೆಗೆದು ಒರೆಸಿಕೊಂಡು, "ಆರೋಪ ವಜಾ" ಎಂದರು.

ಅಂದದ್ದೇ ತಡ, ಪಕ್ಕದ ಉಗ್ರಾಣದ ಬಾಗಿಲು ಕಿರ್ರೆಂದು ತಾನಾಗಿ ತೆರೆದುಕೊಂಡಿತು. ದೇವೀರಿ ಅದರೊಳಗೆ ಹೊಕ್ಕು ಹೊರಗೆ ಬಂದಳು. ಮತ್ತೆ ಹೊಕ್ಕಳು. ಆಮೇಲೆ ಲಂಗ ಎತ್ತಿ ಹಿಡಿದು ಕಾರಿಡಾರಿನ ಉದ್ದಕ್ಕೂ ಓಡಿದಳು ನೋಡಿ, ಲೈಬ್ರರಿ, ಲ್ಯಾಬು, ಊಟದ ಮನೆ, ಒಂದೊಂದು ಬಾಗಿಲನ್ನೂ ತಾನೇ ತಳ್ಳಿ, ದಾಟಿ, ಕೇಕೆ ಹಾಕುತ್ತ. ಅವಳ ಹಿಂದೆ ಮಕ್ಕಳ ದಂಡು, ದಂಡಿನ ಹಿಂದೆ ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡು ನಾನು. ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ. ಇಷ್ಟು ವರ್ಷ ಹಿಡಿದು ನಡೆದ ಕೈಗಳೆಲ್ಲ ನೆನಪಾದವು.

"ಮೇಡಮ್, ಮೇಡಮ್!" ಎಂದು ಯಾರೋ ಹಿಂದಿನಿಂದ ಕರೆದರು. ನೋಡಿದರೆ ಗುರುಪಾದಯ್ಯ, ಪೇಟ ಓರೆಯಾಗಿದೆ, ಕೈಯಲ್ಲಿ ತಾಳಿ ಹಿಡಿದುಕೊಂಡು ಏದುಸಿರು ಬಿಡುತ್ತ ಓಡಿಬರುತ್ತಿದ್ದಾರೆ. "ಮುಹೂರ್ತ ಮೀರ್ತಾ ಇದೆ. ನನ್ನ ಗತಿ ಏನು?"

ಅಲ್ಲೇ, ಲ್ಯಾಬಿನ ಬಾಗಿಲ ಮುಂದೆಯೇ, ತಾಳಿ ಕಟ್ಟಿಸಿಕೊಂಡೆ. ಹೂ ಮುಗಿದಿತ್ತು ಎಂದು ಮಕ್ಕಳು ಕೈಗೆ ಸಿಕ್ಕ ಎಲೆಗಳನ್ನು ಹರಿದು ನಮ್ಮ ಮೇಲೆ ಸುರಿದರು. ಒಂದೊಂದು ಎಲೆಯ ಹೆಸರನ್ನೂ ನಾನು ಬಲ್ಲೆ. ಮೃತ್ಯುಂಜಯಪ್ಪನವರು ಹಿರಿಯರಾದ್ದರಿಂದ ಬಂದು ಅಕ್ಷತೆ ಹಾಕಿದರು. ಊಟಕ್ಕೂ ಕೂತರು. ಸಾರಿನಲ್ಲಿ ಸೌಟು ನೆಟ್ಟಗೆ ನಿಲ್ಲುವಷ್ಟು ಬೇಳೆ ಹಾಕಿಸಿದ್ದೆ. ಎರಡನೆಯ ಸಲ ಕೇಳಿ ಬಡಿಸಿಕೊಂಡು, ಏನೋ ಯೋಚಿಸಿದವರಂತೆ, ಹಾಸ್ಟೆಲಿನ ಅಡಿಗೆಯವನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದರು.

ಕೈ ತೊಳೆಯುವಾಗ ನನ್ನ ಹತ್ತಿರ ಬಂದು, "ಚಪ್ಪರ ಯಾವತ್ತು ಬಿಚ್ತೀರಾ ಮೇಡಮ್? ಬಾಗಿಲು ಕೂರಿಸ್ಬೇಕಲ್ಲ" ಎಂದರು.

"ಒಳ್ಳೆ ದಿನ ನೋಡಿ ಬಿಚ್ತೀನಿ ಸಾರ್."

ಒಳ್ಳೆಯ ದಿನ ಸಿಗಬೇಕಲ್ಲ! ಒಂದು ದಿನ ರಾಹುಕಾಲ, ಒಂದು ದಿನ ನನಗೆ ಶೀತ, ಒಂದು ದಿನ ನಮ್ಮ ಯಜಮಾನರ ತರಗತಿ. ವರ್ಷಗಳೇ ಕಳೆದವು. ಗರಿ ಒಣಗಿದರೆ ಮಕ್ಕಳು ಹೊಸ ಗರಿ ಹೊದಿಸುತ್ತಾರೆ. ದೇವೀರಿ ಈಗ ನನ್ನ ವಿಭಾಗದಲ್ಲೇ ಪಾಠ ಮಾಡುತ್ತಾಳೆ. ಪ್ರತಿ ಯುಗಾದಿಗೆ ಮಾವಿನ ಸೊಪ್ಪು ತಂದು, ಸ್ಟೂಲಿನ ಮೇಲೆ ಹತ್ತಿ ನಿಂತು, ತೋರಣ ಕಟ್ಟುವುದು ಅವಳೇ. ಆರೋಪ ಬಂದ ಮಕ್ಕಳು ಆ ಚಪ್ಪರದ ಕೆಳಗೆ ಹಾದು ತಮ್ಮ ಕಾಲ ಮೇಲೆ ಒಳಗೆ ಹೋಗುತ್ತಾರೆ, ತಮ್ಮ ಬಾಯಲ್ಲಿ ತಮ್ಮ ಮಾತು ಹೇಳುತ್ತಾರೆ. ತಪ್ಪು ಮಾಡಿದವರೂ ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಅವರಿಗೂ ಹೇಳಿಕೊಳ್ಳುವುದು ಏನಾದರೂ ಇದ್ದೇ ಇರುತ್ತದೆ.

ಕಳೆದ ವರ್ಷ ಮೃತ್ಯುಂಜಯಪ್ಪನವರ ಮೇಲೆಯೇ ಒಂದು ದೂರು ಬಿತ್ತು. ಇನ್ನೇನು ನಿವೃತ್ತಿಯಾಗುವವರಿದ್ದರು, ತಮಗೆ ಬೇಕಾದವರಿಗೆ ಬಡ್ತಿ ಕೊಡಿಸಿದರು ಎಂದು ಯಾರೋ ಬರೆದು ಅಂಟಿಸಿದ್ದರು. ಮಾರನೆಯ ಬೆಳಿಗ್ಗೆ ನಾನು ಬರುವ ಹೊತ್ತಿಗೆ ತಮ್ಮ ಕಚೇರಿಯ ಬಾಗಿಲ ಮುಂದೆಯೇ ಬುತ್ತಿ ಹಿಡಿದು ನಿಂತಿದ್ದರು, ಮುಖ ಇಷ್ಟು ಚಿಕ್ಕದಾಗಿ. ನಾನು ಕೈ ಚಾಚಿದೆ. ಅವರು ಬುತ್ತಿಯನ್ನು ಎಡಗೈಗೆ ಬದಲಿಸಿ ಹಿಡಿದುಕೊಂಡರು. ವಿಚಾರಣೆಯ ದಿನದವರೆಗೂ ಹೀಗೇ ನಡೆಯಿತು.

ವಿಚಾರಣೆಯ ದಿನ ಸಭಾಂಗಣದ ಮೆಟ್ಟಿಲವರೆಗೆ ಹೋಗಿ ಅವರ ಕೈ ಬಿಟ್ಟೆ. "ಇಲ್ಲಿಂದ ನೀವೊಬ್ಬರೇ ಹೋಗ್ಬಹುದು ಸಾರ್" ಎಂದೆ. ಅವರು ಚಪ್ಪರದ ಕೆಳಗೆ ನಿಂತು ತಲೆ ಎತ್ತಿ ನೋಡಿದರು. ಮೂಲೆಯ ಕಂಬದಲ್ಲಿ ಗಂಟೊಂದು ಸಡಿಲವಾಗಿ ಗರಿ ಜೋತುಬಿದ್ದಿತ್ತು. ಬುತ್ತಿಯನ್ನು ನನ್ನ ಕೈಗೆ ಕೊಟ್ಟು, ಅಂಗಿಯ ತೋಳು ಮೇಲೇರಿಸಿ, ಆ ಗಂಟನ್ನು ಬಿಗಿಯಾಗಿ ಕಟ್ಟಿ, ಎಳೆದು ನೋಡಿ, ಇನ್ನೊಂದು ಗಂಟು ಹಾಕಿ, ಒಳಗೆ ಹೋದರು.